ರೋಗಿಯ ದಾಖಲೆ: ವಿದ್ಯಾರ್ಥಿಗಳ ಕೈಯಲ್ಲಿರುವ ಅಮಾನತು

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟ್‌ಗಳ ಪಟ್ಟಿಯನ್ನು ತೆರೆದು ನೋಡಿದರೆ 'ಆಸ್ಪತ್ರೆ ನಿರ್ವಹಣಾ ತಂತ್ರಾಂಶ' ಎಂಬ ಶೀರ್ಷಿಕೆ ಹೆಚ್ಚು ಕಡಿಮೆ ಪ್ರತಿ ವರ್ಷವೂ ಕಾಣಸಿಗುತ್ತದೆ. ಅವುಗಳಲ್ಲಿ ಎಷ್ಟೋ ಪ್ರಾಜೆಕ್ಟ್‌ಗಳು ಅಂಗಡಿಯಲ್ಲಿ ಹಣ ತೆತ್ತು ಕೊಂಡವು ಎಂಬುದು ಗುಟ್ಟೇನಲ್ಲ. ಪರೀಕ್ಷಕರು ಅಂಕ ನೀಡುತ್ತಾರೆ, ರಟ್ಟು ಕಟ್ಟಿದ ವರದಿ ಕಪಾಟು ಸೇರುತ್ತದೆ. ಅತ್ತ ಅದೇ ಊರಿನ ಆಸ್ಪತ್ರೆಯಲ್ಲಿ ಬಡ ರೋಗಿಯು ಹಳೆಯ ಚೀಟಿಗಳನ್ನೂ ಎಕ್ಸ್‌ರೇಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಅಲೆಯುತ್ತಿರುತ್ತಾನೆ. ಒಂದು ಚೀಟಿ ಕಳೆದರೆ ಪರೀಕ್ಷೆ ಮತ್ತೆ ಮೊದಲಿನಿಂದ, ಖರ್ಚೂ ಮತ್ತೆ ಮೊದಲಿನಿಂದ. ಕಪಾಟಿನ ವರದಿಗೂ ಈ ಚೀಲಕ್ಕೂ ಸಂಬಂಧವೇ ಇಲ್ಲದಂತಾಗಿರುವುದು ನಮ್ಮ ಶಿಕ್ಷಣದ ದೊಡ್ಡ ವೈಫಲ್ಯವೆಂದು ನಾವು ಭಾವಿಸುತ್ತೇವೆ.

ವಿದ್ಯಾರ್ಥಿಗಳಿಂದ ಇಂಥ ಗಂಭೀರ ಕೆಲಸ ಸಾಧ್ಯವೇ ಎಂದು ಕೇಳುವವರಿದ್ದಾರೆ. ಇತಿಹಾಸ ಇದಕ್ಕೆ ಉತ್ತರ ನೀಡಿದೆ. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಎಡ್ವರ್ಡ್ ಶಾರ್ಟ್‌ಲಿಫ್ ತನ್ನ ಡಾಕ್ಟರೇಟ್ ಸಂಶೋಧನೆಗಾಗಿ 'ಮೈಸಿನ್' ಎಂಬ ತಂತ್ರಾಂಶವನ್ನು ರೂಪಿಸಿದರು. ರಕ್ತದ ಸೋಂಕಿಗೆ ಯಾವ ಔಷಧಿ, ಎಷ್ಟು ಪ್ರಮಾಣದಲ್ಲಿ ಎಂಬ ಸಲಹೆಯನ್ನು ಅದು ನೀಡುತ್ತಿತ್ತು. 1979ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಅದರ ಸಲಹೆಗಳು ಅದೇ ವಿಶ್ವವಿದ್ಯಾನಿಲಯದ ತಜ್ಞರ ಸಲಹೆಗಳಿಗಿಂತ ಕಡಿಮೆಯೇನೂ ಆಗಿರಲಿಲ್ಲ. ಆದರೂ ಅದು ಆಸ್ಪತ್ರೆಗಳ ನಿತ್ಯದ ಬಳಕೆಗೆ ಬರಲೇ ಇಲ್ಲ. ರೋಗಿಯ ಒಂದೊಂದು ವಿವರವನ್ನೂ ವೈದ್ಯರು ಕುಳಿತು ಟೈಪ್ ಮಾಡಬೇಕಿತ್ತು. ಆಸ್ಪತ್ರೆಯ ದಾಖಲೆಗಳೊಂದಿಗೆ ಅದಕ್ಕೆ ನಂಟಿರಲಿಲ್ಲ. ಸಲಹೆ ತಪ್ಪಿದರೆ ಹೊಣೆ ಯಾರದು ಎಂಬುದೂ ತೀರ್ಮಾನವಾಗಿರಲಿಲ್ಲ. ಬುದ್ಧಿಯಲ್ಲಿ ಗೆದ್ದ ತಂತ್ರಾಂಶವು ವಾರ್ಡಿನಲ್ಲಿ ಸೋತಿತು. ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಇಂದು ಪ್ರಾಜೆಕ್ಟ್ ಮಾಡಲು ಹೊರಟಿರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಪಾಠವನ್ನು ಮೊದಲು ಓದಬೇಕು.

ಇನ್ನೊಂದು ಉದಾಹರಣೆ ದಕ್ಷಿಣ ಆಫ್ರಿಕಾದ್ದು. ವರ್ಣಭೇದ ನೀತಿಯ ಕಾಲದಲ್ಲಿ ಆ ದೇಶದ ಆರೋಗ್ಯ ಇಲಾಖೆಯೂ ಜನಾಂಗದ ಆಧಾರದಲ್ಲಿ ಒಡೆದು ಹೋಗಿತ್ತು. ಕರಿಯರ ಕೇರಿಗಳಲ್ಲಿ ಎಷ್ಟು ಶಿಶುಗಳು ಸಾಯುತ್ತಿವೆ, ಎಷ್ಟು ಮಕ್ಕಳಿಗೆ ಲಸಿಕೆ ತಲುಪಿಲ್ಲ ಎಂಬ ಸರಿಯಾದ ಲೆಕ್ಕವೇ ಇರಲಿಲ್ಲ. ಲೆಕ್ಕಕ್ಕೇ ಬಾರದವರಿಗೆ ಅನುದಾನ ಬರುವುದಾದರೂ ಹೇಗೆ? 1994ರಲ್ಲಿ ಆ ಆಡಳಿತ ಕೊನೆಗೊಂಡಾಗ ಕೇಪ್‌ಟೌನಿನಲ್ಲಿ ಸಂಶೋಧಕರು ಮತ್ತು ಆರೋಗ್ಯ ಹೋರಾಟಗಾರರು ಸೇರಿ ಜಿಲ್ಲಾ ಆರೋಗ್ಯ ಮಾಹಿತಿ ವ್ಯವಸ್ಥೆಯೊಂದನ್ನು ಕಟ್ಟಲು ತೊಡಗಿದರು. ನಾರ್ವೆಯ ಓಸ್ಲೊ ವಿಶ್ವವಿದ್ಯಾನಿಲಯ ಅದಕ್ಕೆ ಆಸರೆಯಾಯಿತು. ಆಫ್ರಿಕಾ ಮತ್ತು ಏಷ್ಯಾದ ವಿದ್ಯಾರ್ಥಿಗಳು ಅಲ್ಲಿ ಸ್ನಾತಕೋತ್ತರ ಮತ್ತು ಡಾಕ್ಟರೇಟ್ ಅಧ್ಯಯನಕ್ಕೆ ಈ ಕೆಲಸವನ್ನೇ ವಿಷಯವಾಗಿ ಆರಿಸಿಕೊಂಡರು. ಅದರ ಹೊಸ ಆವೃತ್ತಿಯಾದ 'ಡಿಎಚ್‌ಐಎಸ್-2' 2006ರಲ್ಲಿ ಮೊದಲು ಬಳಕೆಗೆ ಬಂದದ್ದು ನಮ್ಮ ನೆರೆಯ ಕೇರಳದಲ್ಲಿ. ಇಂದು ಎಪ್ಪತ್ತಕ್ಕೂ ಹೆಚ್ಚು ದೇಶಗಳು ಅದನ್ನು ಬಳಸುತ್ತಿವೆ. ಕೆನ್ಯಾದ ಎಲ್ಡೊರೆಟ್‌ನ ಎಚ್‌ಐವಿ ಚಿಕಿತ್ಸಾಲಯಗಳ ಅಗತ್ಯಕ್ಕಾಗಿ 2004ರ ಸುಮಾರಿಗೆ ಹುಟ್ಟಿದ 'ಓಪನ್ ಎಂಆರ್‌ಎಸ್' ಕೂಡ ಮುಕ್ತ ತಂತ್ರಾಂಶವೇ. 2007ರಿಂದ ಗೂಗಲ್‌ನ ಬೇಸಿಗೆ ಯೋಜನೆಯ ಮೂಲಕ ಅನೇಕ ದೇಶಗಳ ವಿದ್ಯಾರ್ಥಿಗಳು ಅದಕ್ಕೆ ದುಡಿದಿದ್ದಾರೆ. ಛತ್ತೀಸ್‌ಗಢದ ಗನಿಯಾರಿಯಲ್ಲಿ ಬಡವರಿಗೆ ಚಿಕಿತ್ಸೆ ನೀಡುವ ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಗೆ ನೆರವಾದ 'ಬಾಹ್ಮನಿ' ಅದರ ಮೇಲೆಯೇ ನಿಂತಿದೆ. ಈ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಯಾರು ಬೇಕಾದರೂ ಪಡೆದು, ತಿದ್ದಿ, ಬಳಸಬಹುದು.

ಇದು ನಮಗೆ ಪರಕೀಯ ವಿದ್ಯೆಯೇನೂ ಅಲ್ಲ. ರಯ್ಯಿ ಮತ್ತು ಬಗ್ದಾದಿನ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದ ಅಬೂಬಕರ್ ಅರ್‍ರಾಝಿಯವರು ತಮ್ಮ ರೋಗಿಗಳ ಲಕ್ಷಣ, ಚಿಕಿತ್ಸೆ ಮತ್ತು ಫಲಿತಾಂಶಗಳನ್ನು ಬರೆದಿಡುತ್ತಿದ್ದರು. ಅವರ ಮರಣಾನಂತರ ಶಿಷ್ಯರು ಆ ಟಿಪ್ಪಣಿಗಳನ್ನು ಒಟ್ಟುಗೂಡಿಸಿದ್ದರಿಂದಲೇ 'ಅಲ್ ಹಾವಿ' ಎಂಬ ಬೃಹತ್ ವೈದ್ಯಕೀಯ ಕೋಶ ಜಗತ್ತಿಗೆ ದಕ್ಕಿತು. ರೋಗಿಯ ದಾಖಲೆಯನ್ನು ಜ್ಞಾನವಾಗಿ ಪರಿವರ್ತಿಸಿದವರು ಅಂದೂ ವಿದ್ಯಾರ್ಥಿಗಳೇ. ಆದರೆ ಪೂರ್ವಜರ ಹೆಸರು ಹೇಳಿ ಹೆಮ್ಮೆಪಡುವುದಷ್ಟೇ ಸಾಲದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ರೋಗಿ ವೈದ್ಯನಿಗೆ ಹೇಳಿದ್ದು ಅಮಾನತು. ಅಮಾನತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂಬುದು ಪವಿತ್ರ ಕುರ್‌ಆನಿನ ಆದೇಶ (ಅನ್ನಿಸಾ: 58). ದಾಖಲೆಗಳು ಕಂಪ್ಯೂಟರಿಗೆ ಸೇರಿದ ಮೇಲೆ ಅವುಗಳ ದುರ್ಬಳಕೆ ಎಷ್ಟು ಸುಲಭ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರವು ಗೃಹ ಬಂಧನದಲ್ಲಿದ್ದವರ ಮನೆ ವಿಳಾಸಗಳನ್ನೇ ಬಹಿರಂಗಪಡಿಸಿತು. ಆ ಬಳಿಕ ಕೊರೋನಾದ ಅಂಕಿಅಂಶಗಳನ್ನೇ ಧರ್ಮದ ಹೆಸರಿನಲ್ಲಿ ವಿಂಗಡಿಸಿ ತಬ್ಲೀಗ್ ಜಮಾಅತಿನ ಹಣೆಗೆ ಅಂಟಿಸಲಾಯಿತು. 2021ರ ಮೇಯಲ್ಲಿ ಬೆಂಗಳೂರಿನ ಕೋವಿಡ್ ವಾರ್ ರೂಮಿಗೆ ನುಗ್ಗಿದ ಸಂಸದರೊಬ್ಬರು, ಹಾಸಿಗೆ ಹಂಚಿಕೆಯ ಅಕ್ರಮದ ಹೆಸರಿನಲ್ಲಿ, ಇನ್ನೂರರಷ್ಟಿದ್ದ ನೌಕರರಲ್ಲಿ ಹದಿನೇಳು ಮುಸ್ಲಿಮರ ಹೆಸರನ್ನು ಮಾತ್ರ ಓದಿದರು. ಅಲ್ಲಿ ಮೊದಲು ನೋಡಬೇಕಾಗಿದ್ದದ್ದು ಹಾಸಿಗೆ ಹಂಚುವ ವ್ಯವಸ್ಥೆ ಮತ್ತು ತಂತ್ರಾಂಶದಲ್ಲಿದ್ದ ಲೋಪಗಳನ್ನು. ಆದರೆ ನೋಡಿದ್ದು ನೌಕರರ ಹೆಸರನ್ನು.

ಆದ್ದರಿಂದ ತಂತ್ರಾಂಶದಲ್ಲಿ ಯಾವ ವಿವರಕ್ಕೆ ಅಂಕಣ ಇರಬೇಕು, ಯಾವುದಕ್ಕೆ ಇರಬಾರದು ಎಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಜ್ವರಕ್ಕೆ ಔಷಧಿ ನೀಡಲು ರೋಗಿಯ ಧರ್ಮ ಏಕೆ ಬೇಕು? ಕ್ಷಯ ಅಥವಾ ಎಚ್‌ಐವಿ ಪೀಡಿತೆಯ ಕಡತವನ್ನು ಬಿಲ್ಲು ಬರೆಯುವ ಗುಮಾಸ್ತನೂ ತೆರೆಯಲು ಸಾಧ್ಯವಾಗಬೇಕೇ? ಕಡತವನ್ನು ಯಾರು, ಯಾವಾಗ ತೆರೆದರು ಎಂಬುದು ತಂತ್ರಾಂಶದಲ್ಲಿ ದಾಖಲಾಗುತ್ತದೆಯೇ? ಈ ಪ್ರಶ್ನೆಗಳನ್ನು ಕೇಳುವ ವಿದ್ಯಾರ್ಥಿಯೇ ನಿಜವಾದ ಸಂಶೋಧಕ. ಹಾಗೆಯೇ, ಅಭ್ಯಾಸಕ್ಕೆಂದು ನಿಜವಾದ ರೋಗಿಗಳ ಮಾಹಿತಿಯನ್ನು ಪೆನ್‌ಡ್ರೈವಿನಲ್ಲಿ ಹಾಸ್ಟೆಲಿಗೆ ಒಯ್ಯುವುದು ಅಪರಾಧಕ್ಕೆ ಸಮಾನ. ಅದಕ್ಕೆ ಕಲ್ಪಿತ ಮಾಹಿತಿ ಸಾಕು. ನಿಜವಾದ ರೋಗಿಗಳನ್ನೊಳಗೊಂಡ ಸಂಶೋಧನೆಗೆ ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹಿಂದಿರುವ ಆಶಯವೂ ವ್ಯಕ್ತಿಯ ಮಾಹಿತಿ ಅವನ ಸಮ್ಮತಿಯಿಲ್ಲದೆ ಬಳಕೆಯಾಗಬಾರದೆಂಬುದೇ ಆಗಿದೆ.

ಹಾಗಾದರೆ ನಾವು ಮಾಡಬೇಕಾದುದೇನು? ಭಟ್ಕಳ, ರಾಮನಗರ, ಕಲಬುರ್ಗಿ, ಮಂಗಳೂರು, ಬೆಂಗಳೂರುಗಳಲ್ಲಿ ಸಮುದಾಯದ ಆಡಳಿತದಲ್ಲಿರುವ ಇಂಜಿನಿಯರಿಂಗ್ ಕಾಲೇಜುಗಳಿವೆ. ಸಮುದಾಯದ ಟ್ರಸ್ಟುಗಳು ನಡೆಸುವ ಆಸ್ಪತ್ರೆಗಳೂ ಚಿಕಿತ್ಸಾಲಯಗಳೂ ಇವೆ. ಇವೆರಡರ ನಡುವೆ ಮಾತುಕತೆಯೇ ಇಲ್ಲ. ಪ್ರತಿ ಕಾಲೇಜು ಹತ್ತಿರದ ಒಂದು ಆಸ್ಪತ್ರೆಯೊಂದಿಗೆ ಒಪ್ಪಂದ ಮಾಡಿಕೊಳ್ಳಲಿ. ಪ್ರಾಜೆಕ್ಟ್ ಆರಂಭಕ್ಕೆ ಮುನ್ನ ವಿದ್ಯಾರ್ಥಿಗಳು ಕನಿಷ್ಠ ಎರಡು ವಾರ ಹೊರರೋಗಿ ವಿಭಾಗದಲ್ಲಿ ಕುಳಿತು, ನರ್ಸ್‌ಗಳ ಕಷ್ಟವನ್ನು ಕೇಳಿ ತಿಳಿಯಲಿ. ಎಲ್ಲವನ್ನೂ ಹೊಸದಾಗಿ ಕಟ್ಟುವ ಬದಲು ಈಗಾಗಲೇ ಇರುವ ಮುಕ್ತ ತಂತ್ರಾಂಶಕ್ಕೆ ಕನ್ನಡದ ಪರದೆ, ಲಸಿಕೆಯ ಜ್ಞಾಪನೆ, ಡಯಾಲಿಸಿಸ್ ಸರದಿಯಂಥ ಒಂದೊಂದು ಭಾಗವನ್ನು ಸೇರಿಸಲಿ. ಒಂದು ತಂಡ ಬಿಟ್ಟುಹೋದ ಕಡೆಯಿಂದ ಮುಂದಿನ ವರ್ಷದ ತಂಡ ಮುಂದುವರಿಸಲಿ. ಏಕೆಂದರೆ ವಿದ್ಯಾರ್ಥಿ ಪದವಿ ಪಡೆದು ಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ ನಿಂತುಹೋಗುವ ತಂತ್ರಾಂಶವು ಆಸ್ಪತ್ರೆಗೆ ಉಪಕಾರಕ್ಕಿಂತ ಉಪದ್ರವವನ್ನೇ ಮಾಡುತ್ತದೆ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಬೇಕಾಗಿರುವುದು ಆಡಳಿತ ಮಂಡಳಿಗಳ ಇಚ್ಛಾಶಕ್ತಿ ಮತ್ತು ಅಧ್ಯಾಪಕರ ಪ್ರಾಮಾಣಿಕತೆ. ಆಸ್ಪತ್ರೆಯ ಬಾಗಿಲಿಗೆ ಬರುವ ರೋಗಿಗಳಲ್ಲಿ ಎಲ್ಲ ಜಾತಿ, ಧರ್ಮದವರೂ ಇರುತ್ತಾರೆ. ಅವರ ನೋವನ್ನು ಒಂದಿಷ್ಟು ಕಡಿಮೆ ಮಾಡುವ, ಅವರ ಗುಟ್ಟನ್ನು ಕಾಯುವ ತಂತ್ರಾಂಶವೊಂದು ನಮ್ಮ ಮಕ್ಕಳ ಕೈಯಿಂದ ಹೊರಬಂದರೆ ಅದು ಈ ನಾಡಿಗೆ ಸಮುದಾಯವು ಸಲ್ಲಿಸುವ ಸೇವೆಯೂ ಹೌದು, ನಮ್ಮ ಮೇಲೆ ಹೊರಿಸಲಾಗುವ ಆರೋಪಗಳಿಗೆ ನೀಡುವ ಉತ್ತರವೂ ಹೌದು. ಮುಂದಿನ ಶೈಕ್ಷಣಿಕ ವರ್ಷದ ಪ್ರಾಜೆಕ್ಟ್ ಪಟ್ಟಿ ಸಿದ್ಧವಾಗುವ ಮೊದಲೇ ಕಾಲೇಜು ಮತ್ತು ಆಸ್ಪತ್ರೆಗಳ ಹೊಣೆಗಾರರು ಒಂದೆಡೆ ಕುಳಿತು ಚರ್ಚಿಸುವರೇ?