ಟೈಲ್ಸಿನ ಸಂದಿಗೆ ಯಾವ ಬಣ್ಣ?

ಹೊಸ ಮನೆ ಕಟ್ಟಿಸುವವರು ಟೈಲ್ಸ್ ಆರಿಸಲು ಮೂರು ನಾಲ್ಕು ಭಾನುವಾರಗಳನ್ನಾದರೂ ವ್ಯಯಿಸುತ್ತಾರೆ. ಅವುಗಳ ನಡುವಣ ಸಂದಿಗೆ ಯಾವ ಬಣ್ಣದ ಗ್ರೌಟ್ ತುಂಬಬೇಕೆಂಬ ಪ್ರಶ್ನೆ ಮಾತ್ರ ಏಳುವುದು ಕಡೆಯ ದಿನ, ಮೇಸ್ತ್ರಿ ಕರಣೆ ಹಿಡಿದು ನಿಂತಾಗ. "ವೈಟೇ ಹಾಕಿಬಿಡ್ಲಾ ಸಾರ್?" ಎಂದು ಆತ ಕೇಳುತ್ತಾನೆ. ಯಜಮಾನರು ಫೋನಿನಲ್ಲಿ ಮಾತನಾಡುತ್ತಲೇ ತಲೆಯಾಡಿಸುತ್ತಾರೆ. ನನ್ನ ಆಕ್ಷೇಪಣೆ ಇರುವುದು ಆ ತಲೆಯಾಡಿಸುವಿಕೆಗೆ.

ನಮ್ಮ ತಲೆಮಾರಿನ ಮನೆಗಳಲ್ಲಿ ಈ ಸಮಸ್ಯೆಯೇ ಇರಲಿಲ್ಲ. ರೆಡ್ ಆಕ್ಸೈಡ್ ನೆಲಕ್ಕೆ ಸಂದುಗಳಿಲ್ಲ. ಕಡಪ ಕಲ್ಲಿನ ಸಂದು ಕಪ್ಪಾದರೂ ಕಲ್ಲೇ ಕಪ್ಪು. ಟೈಲ್ಸಿನ ಮೇಲ್ಮೈ ಗಾಜಿನಂತೆ ನಯವಾದದ್ದು, ಏನನ್ನೂ ಹೀರುವುದಿಲ್ಲ. ಸಿಮೆಂಟಿನ ಗ್ರೌಟಾದರೋ ಸೂಕ್ಷ್ಮ ರಂಧ್ರಗಳಿಂದ ತುಂಬಿದ ವಸ್ತು. ಒಗ್ಗರಣೆಯ ಎಣ್ಣೆ, ಸಾರಿನ ಅರಿಶಿನ ಎಲ್ಲವನ್ನೂ ಅದು ಒಳಗೆಳೆದುಕೊಳ್ಳುತ್ತದೆ. ಅರಿಶಿನದ ಕಾಗದಕ್ಕೆ ಸಾಬೂನಿನ ನೀರು ತಾಗಿದಾಗ ಕೆಂಪಾದದ್ದನ್ನು ನೀವೆಲ್ಲ ನಮ್ಮ ಪ್ರಯೋಗಶಾಲೆಯಲ್ಲಿ ನೋಡಿದ್ದೀರಿ. ಹೊಸ ಸಿಮೆಂಟೂ ಪ್ರತ್ಯಾಮ್ಲವೇ. ಗೃಹಪ್ರವೇಶದ ವಾರದಲ್ಲಿಯೇ ಬಿಳಿ ಸಂದು ಅಲ್ಲಲ್ಲಿ ಕೆಂಗಂದಾದರೆ ಮೇಸ್ತ್ರಿಯನ್ನು ಬೈಯಬೇಡಿ, ಏಳನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ನೆನೆಯಿರಿ!

ಹಾಗೆಂದು ಕಪ್ಪು ಬಣ್ಣಕ್ಕೆ ಓಡುವುದೂ ತರವಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೊಳವೆಬಾವಿಯ ಗಡಸು ನೀರು ಬಚ್ಚಲುಮನೆಯಲ್ಲಿ ಒಣಗಿದಾಗ ಉಳಿಯುವುದು ಸುಣ್ಣದಂಥ ಬಿಳಿ ಪದರ. ಕಪ್ಪು ಸಂದಿನ ಮೇಲೆ ಅದು ವಿಭೂತಿ ಬಳಿದಂತೆ ಎದ್ದು ಕಾಣುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದವರಿಗೆ ಕಾಡುವುದು ಕೆಂಪು ಧೂಳು. ಆಯಾ ಊರಿನ ಕೊಳೆ ಯಾವ ಬಣ್ಣದ್ದೋ ಅದಕ್ಕೆ ಹತ್ತಿರದ ಬಣ್ಣವೇ ನೆಲದ ಸಂದಿಗೆ ಲೇಸು. ಬಹುತೇಕ ಮನೆಗಳಿಗೆ ನಡುವಣ ಬೂದುಬಣ್ಣ, ಕರಾವಳಿಯವರಿಗೆ ಮಣ್ಣಿನ ಕಂದು. ಎಣ್ಣೆ ಸಿಡಿಯದ ಗೋಡೆಗೆ ಟೈಲ್ಸಿನ ಬಣ್ಣದ್ದನ್ನೇ ಹಾಕಿದರೆ ಬಾಧಕವಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೇಕೆ ಗದ್ದಲ ಎನ್ನಬಹುದು. ಬಿಳಿ ಸಂದನ್ನು ಬಿಳಿಯಾಗಿಯೇ ಉಳಿಸಲು ಮೊಣಕಾಲೂರಿ ಬ್ರಷ್ಷಿನಿಂದ ಉಜ್ಜುವವರು ಯಾರು? ತಲೆಯಾಡಿಸಿದ ಯಜಮಾನರಂತೂ ಅಲ್ಲ. ಉಜ್ಜಿ ಸಾಕಾದಾಗ ಅಂಗಡಿಯ ಆ್ಯಸಿಡ್ ಬಾಟಲಿ ಮನೆಗೆ ಬರುತ್ತದೆ. ಆ್ಯಸಿಡ್ ಕಲೆಯನ್ನಷ್ಟೇ ಅಲ್ಲ, ಸಿಮೆಂಟನ್ನೂ ತಿನ್ನುತ್ತದೆ. ಸಂದು ಇನ್ನಷ್ಟು ಒರಟಾಗಿ, ಮೊದಲಿಗಿಂತ ಬೇಗ ಕೊಳೆ ಹಿಡಿಯುತ್ತದೆ. ಆ್ಯಸಿಡ್ಡಿನ ಜೊತೆಗೆ ಬ್ಲೀಚಿಂಗ್ ಪೌಡರ್ ಸುರಿದರಂತೂ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಅಂಥ ಬಚ್ಚಲಲ್ಲಿ ಕೆಮ್ಮುತ್ತ ಕೂರುವವರು ಮನೆಯಾಕೆ, ಇಲ್ಲವೇ ಕೆಲಸಕ್ಕೆ ಬರುವ ಹೆಂಗಸು. ಆದಕಾರಣ ಬಣ್ಣವನ್ನು ಆರಿಸುವ ಹಕ್ಕು ಉಜ್ಜುವವರದೇ ಆಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವಾಸ್ತು ಕೇಳುವವರು ಇವರನ್ನೂ ಒಂದು ಮಾತು ಕೇಳಲಿ.

ಹಣದ ಅನುಕೂಲವಿದ್ದರೆ ಅಡುಗೆಕಟ್ಟೆಯ ಹಿಂಬದಿಗೆ, ಬಚ್ಚಲಿನ ನೆಲಕ್ಕೆ ಎಪಾಕ್ಸಿ ಗ್ರೌಟ್ ಹಾಕಿಸಿ. ಅದು ನೀರನ್ನಾಗಲಿ ಎಣ್ಣೆಯನ್ನಾಗಲಿ ಹೀರುವುದಿಲ್ಲವೆಂದೇ ಹೇಳಬಹುದು. ಬೆಲೆ ಹೆಚ್ಚು, ಕಲಸಿದ ಮೇಲೆ ಬೇಗ ಗಟ್ಟಿಯಾಗುವುದರಿಂದ ಟೈಲ್ಸಿನ ಮೇಲಿನದನ್ನು ಕೂಡಲೇ ಒರೆಸಬಲ್ಲ ಅನುಭವಸ್ಥ ಮೇಸ್ತ್ರಿಯೇ ಬೇಕು. ಸಂದೇ ಬೇಡ, ಟೈಲ್ಸ್ ಒತ್ತಿ ಕೂರಿಸಿ ಎಂದು ಹಟ ಹಿಡಿಯುವವರಿದ್ದಾರೆ. ಕೂದಲೆಳೆಯ ಸಂದಿನಲ್ಲಿ ಗ್ರೌಟ್ ಇಳಿಯುವುದಿಲ್ಲ, ನೀರು ಇಳಿಯುತ್ತದೆ. ಎರಡು ಮೂರು ಮಿಲಿಮೀಟರ್ ಬಿಡಿಸಿ.

ಸಿಮೆಂಟಿನ ಗ್ರೌಟ್ ಹಸಿಯಿದ್ದಾಗ ಗಾಢವಾಗಿ ಕಂಡು, ಒಣಗಿದಾಗ ತಿಳಿಯಾಗುತ್ತದೆ. ಉಳಿದ ಎರಡು ಟೈಲ್ಸ್ ತುಂಡುಗಳನ್ನು ಹಲಗೆಯ ಮೇಲೆ ಅಂಟಿಸಿ, ಸಂದು ತುಂಬಿಸಿ, ಪೂರ್ತಿ ಒಣಗಿದ ಮೇಲೆ ಹಗಲಿನ ಬೆಳಕಿನಲ್ಲಿ ನೋಡಿ. ಒಪ್ಪಿಗೆಯಾದರೆ ಪೊಟ್ಟಣದ ಮೇಲಿನ ಬಣ್ಣದ ಸಂಖ್ಯೆಯನ್ನು ಮನೆಯ ಕಾಗದಪತ್ರಗಳ ಜೊತೆ ಬರೆದಿಡಿ. ನಾಲ್ಕು ವರ್ಷದ ನಂತರ ನಲ್ಲಿ ರಿಪೇರಿಗೆ ಒಂದು ಟೈಲ್ಸ್ ಒಡೆದಾಗ ಅದು ಬೇಕಾಗುತ್ತದೆ.