ಕಡಲಾಚೆಯ ಕರೆಗೆ ತೆರುವ ಬೆಲೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ - ಈ ನಾಲ್ಕು ತಾಲ್ಲೂಕುಗಳಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರು ಇಂದು ಅಪರೂಪವಲ್ಲ. ಸಾರಿನ ಪುಡಿ, ಬಾಣಂತಿಯ ಲೇಹ್ಯ, ಕೂಸಿನ ಕುಲಾವಿ ಎಲ್ಲವೂ ಮರೆಯದೆ ಪೆಟ್ಟಿಗೆ ಸೇರುತ್ತವೆ. ಕೈಯಲ್ಲಿರುವ ಮೊಬೈಲಿನ ಯೋಚನೆ ಮಾತ್ರ ಯಾರಿಗೂ ಬರುವುದಿಲ್ಲ. ಭಾರಿ ಬಿಲ್ಲು ಬಂದ ಮೇಲೆ ಪೇಚಾಡುವುದೆಂದರೆ, ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆಯೇ ಸರಿ.

ಟ್ರಂಕ್ ಕಾಲ್ ಕಾಲದಲ್ಲಿ ಈ ಭಯವಿರಲಿಲ್ಲ. ಮೂರು ನಿಮಿಷದ ಲೆಕ್ಕ ಮಾತನಾಡುವವರ ಮನಸ್ಸಿನಲ್ಲಿಯೇ ಇರುತ್ತಿತ್ತು. ಮೊಬೈಲಾದರೋ ಕೈಚೀಲದೊಳಗೆ ಮಲಗಿದ್ದುಕೊಂಡೇ ಖರ್ಚು ಮಾಡಬಲ್ಲದು.

ವಿಮಾನದಿಂದಿಳಿದು ಮೊಬೈಲನ್ನು ತೆರೆದೊಡನೆ ಅದು ಆ ದೇಶದ ಯಾವುದಾದರೊಂದು ಕಂಪನಿಯ ಗೋಪುರವನ್ನು ಹಿಡಿಯುತ್ತದೆ. ಆ ಕಂಪನಿ ನಮ್ಮ ಕಂಪನಿಯಿಂದ ಹಣ ಕೇಳುತ್ತದೆ. ನಮ್ಮ ಕಂಪನಿ ಗ್ರಾಹಕರಿಂದ ವಸೂಲು ಮಾಡುತ್ತದೆ. ಇದೇ ರೋಮಿಂಗ್. ಇಲ್ಲಿ ಕರೆ ಮಾಡಿದವರಂತೆ ಕರೆ ತೆಗೆದುಕೊಂಡವರೂ ಹಣ ತೆರಬೇಕು. ನಾಗಮಂಗಲದ ತಮ್ಮ ಎಂದಿನಂತೆ ಅಕ್ಕನ ಸಂಖ್ಯೆಗೆ ಕರೆ ಮಾಡಿದರೆ, ಕಡಲು ದಾಟಿದ ದೂರದ ಖರ್ಚು ಅಕ್ಕನ ಲೆಕ್ಕಕ್ಕೆ ಬರುತ್ತದೆ. ಇದಲ್ಲದೆ ಚಿತ್ರಗಳ ನಕಲು ಇಡುವುದು, ಆ್ಯಪ್‌ಗಳು ತಾವಾಗಿಯೇ ನವೀಕರಣಗೊಳ್ಳುವುದು ಮುಂತಾದುವಕ್ಕೆಲ್ಲ ಡೇಟಾ ಸೋರಿಹೋಗುತ್ತಿರುತ್ತದೆ.

ಗ್ರಾಹಕರು ಕೇಳದ ಹೊರತು ವಿದೇಶ ರೋಮಿಂಗನ್ನು ತೆರೆದಿಡಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರಲ್ಲಿ ನಿಯಮ ಮಾಡಿತು. ಆದರೂ ಎಚ್ಚರಿಕೆ ಮನೆಯಿಂದಲೇ ಆರಂಭವಾಗಬೇಕು. ಹೊರಡುವ ಮುನ್ನ, ಹೋಗುವ ದೇಶಕ್ಕೂ ಇರುವ ದಿನಗಳಿಗೂ ಹೊಂದುವ ಪ್ಯಾಕ್ ಯಾವುದೆಂದು ಕಂಪನಿಯನ್ನು ವಿಚಾರಿಸಬೇಕು. ಹತ್ತು ದಿನದ ಪ್ರವಾಸಕ್ಕೆ ಅದು ಸಾಕು. ಆರು ತಿಂಗಳು ನಿಲ್ಲುವವರಿಗೆ ಅಲ್ಲಿಯ ಸಿಮ್ ಅಥವಾ ಇ-ಸಿಮ್ ಕೊಳ್ಳುವುದೇ ಲಾಭ. ಊರಿನ ಸಿಮ್ಮಿನ ‘ಡೇಟಾ ರೋಮಿಂಗ್’ ಮಾತ್ರ ಮುಚ್ಚಿರಲಿ. ಮಗಳ ಮನೆಯ ವೈ-ಫೈ ಮೂಲಕ ವಾಟ್ಸಾಪಿನಲ್ಲಿ ಮಾತನಾಡಿದರೆ ಕರೆಗೆಂದು ಬೇರೆ ಹಣ ತೆರಬೇಕಾಗಿಲ್ಲ. ಸಿಮ್ ಬದಲಾದರೂ ವಾಟ್ಸಾಪಿನ ಹಳೆಯ ಸಂಖ್ಯೆ ಹಾಗೆಯೇ ಉಳಿಯುತ್ತದೆ.

ಗಡಿಗಳಲ್ಲಿಯೂ ಜಾಗ್ರತೆ ಬೇಕು. ನಯಾಗರ ಜಲಪಾತದ ಆಚೆಯ ದಡ ಕೆನಡಾ. ಅಮೆರಿಕದ ದಡದಲ್ಲಿ ನಿಂತವರ ಮೊಬೈಲು ಕೆನಡಾದ ಗೋಪುರವನ್ನು ಹಿಡಿದುಬಿಡಬಹುದು. ಯೂರೋಪಿನ ಒಕ್ಕೂಟದೊಳಗೆ 2017ರ ಜೂನ್ 15ರಿಂದ ರೋಮಿಂಗ್ ದರ ರದ್ದಾಗಿರುವುದು ನಿಜ. ಆದರೆ ಆ ಅನುಕೂಲ ಅಲ್ಲಿಯ ಸಿಮ್ಮುಗಳಿಗೆ ಮಾತ್ರ. ಸ್ವಿಟ್ಜರ್ಲೆಂಡ್ ಆ ಒಕ್ಕೂಟಕ್ಕೆ ಸೇರಿದುದಲ್ಲ.

ಇಷ್ಟೆಲ್ಲ ಕೇಳಿ, ಊರಿನ ಸಿಮ್ಮನ್ನು ಕಿತ್ತಿಟ್ಟರೆ ತೀರಿತಲ್ಲವೇ ಎಂದು ಕೆಲವರು ಯೋಚಿಸಬಹುದು. ಅದು ಇನ್ನೊಂದು ಅಪಾಯ. ಬ್ಯಾಂಕಿನ ಓಟಿಪಿ ಬರುವುದು ಅದೇ ಸಂಖ್ಯೆಗೆ. ರೀಚಾರ್ಜ್ ಇಲ್ಲದೆ, ಬಳಕೆಯಿಲ್ಲದೆ ತಿಂಗಳುಗಟ್ಟಲೆ ಬಿಟ್ಟ ಪ್ರಿಪೇಯ್ಡ್ ಸಂಖ್ಯೆಯನ್ನು ಕಂಪನಿ ಹಿಂದಕ್ಕೆ ಪಡೆದು ಬೇರೆಯವರಿಗೆ ಕೊಡಬಹುದು. ಆದುದರಿಂದ ಊರಿನ ಸಿಮ್ ಎರಡನೆಯ ಮನೆಯಲ್ಲಿ ಇರಲಿ, ಅದರ ರೀಚಾರ್ಜ್ ತಪ್ಪದಿರಲಿ.

ಎಲ್ಲಕ್ಕಿಂತ ಮುಖ್ಯವಾದವರು ಊರಿನಲ್ಲಿ ಉಳಿದವರು. ಹೆಂಡತಿ ಬಾಣಂತನಕ್ಕೆ ಹೋದರೆ, ಕೃಷ್ಣರಾಜಪೇಟೆಯ ಮನೆಯಲ್ಲಿ ರಕ್ತದೊತ್ತಡದ ಮಾತ್ರೆ ನುಂಗುವ ಯಜಮಾನರು ಒಬ್ಬರೇ. ಬಿಲ್ಲಿಗೆ ಹೆದರಿ ಮೊಬೈಲನ್ನು ಮುಚ್ಚಿಟ್ಟರೆ ಅವರ ಕೂಗು ಯಾರಿಗೆ ಕೇಳಬೇಕು? ದಿನಕ್ಕೊಂದು ವೇಳೆಯನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಇಲ್ಲಿ ಬೆಳಗಿನ ಏಳು ಗಂಟೆಯಾದಾಗ ನ್ಯೂಯಾರ್ಕಿನಲ್ಲಿ ಬೇಸಿಗೆಯಾದರೆ ಹಿಂದಿನ ರಾತ್ರಿ ಒಂಬತ್ತೂವರೆ, ಚಳಿಗಾಲವಾದರೆ ಎಂಟೂವರೆ. ಮಗಳ ಸಂಖ್ಯೆಯನ್ನೂ ನೆರೆಮನೆಯವರ ಸಂಖ್ಯೆಯನ್ನೂ ದಪ್ಪಕ್ಷರಗಳಲ್ಲಿ ಬರೆದು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿರಬೇಕು. ಅಂಥ ತುರ್ತಿನ ವೇಳೆಯಲ್ಲಿ ದರದ ಲೆಕ್ಕ ನೋಡದೆ ಕರೆಯನ್ನು ಎತ್ತಿಕೊಳ್ಳಬೇಕು. ಉಳಿದ ದಿನಗಳಲ್ಲಿ ಮಿತವ್ಯಯ ಮಾಡುವುದು ಆ ಒಂದು ಕರೆಗೆ ಕೈ ಹಿಂಜರಿಯದಿರಲೆಂದೇ.