60 ಕಿಲೋಮೀಟರ್ ಆಚೆಯ ಮೈದಾನ

ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲಾ ಮೈದಾನಗಳಲ್ಲಿ ಸಂಜೆಯಾದರೆ ಕ್ರಿಕೆಟ್ ಆಡುವ ಹುಡುಗರಿಗೆ ಬರವಿಲ್ಲ. ಆದರೆ ಅವರಲ್ಲೊಬ್ಬ ‘ಆಟ ಕಲಿಯಲು ಬೆಳಗಾವಿಗೆ ಹೋಗುತ್ತೇನೆ’ ಎಂದಾಗ ತಂದೆ ತಾಯಿ ಚಿಂತೆಗೆ ಬೀಳುತ್ತಾರೆ. ಓದು ಏನಾದೀತು? ಆಟ ಅನ್ನ ಕೊಟ್ಟೀತೇ? ಅಂಥವರು ಗದಗಿನ ಸುನೀಲ್ ಜೋಶಿಯವರ ಬದುಕನ್ನು ಗಮನಿಸಬೇಕು.

1970ರ ಜೂನ್ 6ರಂದು ಗದಗಿನಲ್ಲಿ ಜನಿಸಿದ ಜೋಶಿ, ಬಾಲಕರಾಗಿದ್ದಾಗ ನಸುಕಿನಲ್ಲೇ ಎದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಗೋಕಾಕದಿಂದ ಬೆಳಗಾವಿಗೂ ಹೆಚ್ಚು ಕಡಿಮೆ ಅಷ್ಟೇ ದೂರ. ಆಟಕ್ಕಾಗಿ ಅವರು ಶಾಲೆ ತಪ್ಪಿಸಲಿಲ್ಲ. ಬಿಟ್ಟುಕೊಟ್ಟದ್ದು ಬೆಳಗಿನ ನಿದ್ದೆಯನ್ನು.

ಫಲ ಬೇಗ ಕೈಗೆ ಬರಲಿಲ್ಲ. ಕರ್ನಾಟಕ ರಣಜಿ ಟ್ರೋಫಿ ಗೆದ್ದ 1995-96ರ ಋತುವಿನಲ್ಲಿ ಈ ಎಡಗೈ ಸ್ಪಿನ್ನರ್ 50ಕ್ಕೂ ಹೆಚ್ಚು ವಿಕೆಟ್ ಪಡೆದು, 500ಕ್ಕೂ ಹೆಚ್ಚು ರನ್ ಗಳಿಸಿದರು. 1996ರಲ್ಲಿ ಇಂಗ್ಲೆಂಡ್ ವಿರುದ್ಧ ಬರ್ಮಿಂಗ್‌ಹ್ಯಾಂನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರಿಗೆ 26 ವರ್ಷ.

1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಬ್ಯಾಟ್ಸ್‌ಮನ್‌ಗಳು ಅವರ ಎದುರು ಕಂಗಾಲಾದರು. 10 ಓವರು, 6 ಮೇಡನ್, ಬರೀ 6 ರನ್, 5 ವಿಕೆಟ್! ಮರುವರ್ಷ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಚೊಚ್ಚಲ ಟೆಸ್ಟ್ ಆಡಿದಾಗ 8 ವಿಕೆಟ್ ಮತ್ತು 92 ರನ್ ಗಳಿಸಿ ಪಂದ್ಯಶ್ರೇಷ್ಠರಾದರು.

ಆದರೂ 2001ರ ನಂತರ ಅವರಿಗೆ ಭಾರತ ತಂಡದಲ್ಲಿ ಸ್ಥಾನ ಸಿಗಲಿಲ್ಲ. ಅನಿಲ್ ಕುಂಬ್ಳೆ ಅವರಂಥ ಸ್ಪಿನ್ನರ್‌ಗಳಿದ್ದ ಕಾಲ ಅದು. 15 ಟೆಸ್ಟ್, 69 ಏಕದಿನ ಪಂದ್ಯ — ಲೆಕ್ಕ ಅಲ್ಲಿಗೆ ನಿಂತಿತು. ಜೋಶಿ ಮಾತ್ರ ನಿಲ್ಲಲಿಲ್ಲ. ದೇಶೀಯ ಕ್ರಿಕೆಟ್ ಮುಂದುವರಿಸಿ, ಪ್ರಥಮ ದರ್ಜೆಯಲ್ಲಿ 600ರ ಮೇಲೆ ವಿಕೆಟ್ ಕಿತ್ತು, 2012ರಲ್ಲಿ ನಿವೃತ್ತರಾದರು. ಬಳಿಕ ತರಬೇತುದಾರರಾಗಿ ಜಮ್ಮು-ಕಾಶ್ಮೀರ, ಬಾಂಗ್ಲಾದೇಶ ತಂಡಗಳೊಡನೆ ದುಡಿದರು. 2020ರ ಮಾರ್ಚ್‌ನಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಮಕ್ಕಳೇ, ನಸುಕಿಗೇ ಎದ್ದವರೆಲ್ಲ ಭಾರತ ತಂಡ ಸೇರುವುದಿಲ್ಲ. ಸೇರಿದವರೂ ಅಲ್ಲೇ ಉಳಿಯುವುದಿಲ್ಲ. ಹಾಗೆಂದು ಕಲಿತದ್ದು ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಜೋಶಿ ಸಾಕ್ಷಿ. ಪಾಲಕರೇ, ಮಗ ಇಲ್ಲವೆ ಮಗಳು ಮೈದಾನದ ಮಾತೆತ್ತಿದರೆ ತಕ್ಷಣ ಬೇಡವೆನ್ನದಿರಿ. ಬೆಳಗಿನ ಬಸ್ಸಿಗೆ ಏಳುವ ಛಲವಿದೆಯೇ, ಶಾಲೆಯ ಗಂಟೆಗೆ ಮರಳುವ ಶಿಸ್ತಿದೆಯೇ ಎಂದು ಮೊದಲು ನೋಡಿ. ಎರಡೂ ಇದ್ದರೆ ಬಸ್ ಚಾರ್ಜಿಗೆ ಹಿಂದೆಮುಂದೆ ನೋಡಬೇಡಿ.